ವಿನತೆಯ ಮೊದಲ ಅಂಡ

ಮಹಾಭಾರತದ ಆದಿಪರ್ವದಲ್ಲಿ ಬರುವ ಆಸ್ತೀಕೋಪಾಖ್ಯಾನವನ್ನು ಪ್ರವಚನದಲ್ಲಿ ಕೇಳುವಾಗ ಶ್ರೋತೃಗಳ ಮನಸ್ಸು ಗರುಡನ ಅಮೃತಾಪಹರಣದ ಕಡೆಗೇ ಧಾವಿಸುವುದು ಸಹಜ. ಪ್ರವಚನಕಾರರೂ ಅಲ್ಲಿಗೆ ತಲುಪಲು ಆತುರಪಡುತ್ತಾರೆ. ಆದರೆ ಗರುಡನಿಗೆ ಐನೂರು ವರ್ಷ ಮೊದಲು ಹುಟ್ಟಿದ ಅಣ್ಣನೊಬ್ಬನಿದ್ದಾನೆ. ಅವನೇ ಅರುಣ. ತೊಡೆಗಳಿಲ್ಲದವನಾದ್ದರಿಂದ ಅನೂರು ಎಂಬ ಹೆಸರೂ ಅವನಿಗುಂಟು. ಕಳೆದ ಚಾತುರ್ಮಾಸ್ಯದಲ್ಲಿ ಇಂಥದೊಂದು ಪ್ರವಚನ ಮುಗಿದ ಬಳಿಕ ಎಂಟನೆಯ ತರಗತಿಯ ಬಾಲಕಿಯೊಬ್ಬಳು ನಮ್ಮ ಬಳಿಗೆ ಬಂದು, “ಅರುಣನಿಗೆ ಕಾಲಿಲ್ಲದೇ ಹೋದದ್ದು ಅವನ ಅಮ್ಮನ ತಪ್ಪಾ, ಅವನ ಕರ್ಮವಾ?” ಎಂದು ಕೇಳಿದಳು. ಪ್ರಸಾದದ ಪಂಕ್ತಿಗೆ ಕರೆ ಬಂದಿದ್ದ ಸಮಯವದು. ನಾಲ್ಕು ಮಾತಿನಲ್ಲಿ ಉತ್ತರಿಸಿ ಕಳುಹಿಸಿದೆವು. ಆದರೆ ಪ್ರಶ್ನೆಯು ನಾಲ್ಕು ಮಾತಿನದಲ್ಲ. ಸಹೃದಯ ವಾಚಕರೊಡನೆ ಅದನ್ನು ಸ್ವಲ್ಪ ವಿಸ್ತಾರವಾಗಿ ವಿಚಾರ ಮಾಡಬೇಕೆಂದು ಈ ಲೇಖನ.

ಕಥೆಯನ್ನು ಮೊದಲು ನೆನಪಿಸಿಕೊಳ್ಳೋಣ. ಕಶ್ಯಪ ಪ್ರಜಾಪತಿಯು ತನ್ನ ಪತ್ನಿಯರಾದ ಕದ್ರೂ ವಿನತೆಯರಿಗೆ ವರವನ್ನು ಕೊಡುತ್ತಾನೆ. ಕದ್ರುವು ಸಾವಿರ ನಾಗಪುತ್ರರನ್ನು ಬೇಡುತ್ತಾಳೆ. ವಿನತೆಯು ಆ ಸಾವಿರ ಜನರನ್ನೂ ಮೀರಿಸುವ ಇಬ್ಬರು ಮಕ್ಕಳನ್ನು. ಕಾಲಾಂತರದಲ್ಲಿ ಅವಳಿಗೆ ಸಾವಿರ ಅಂಡಗಳು, ಇವಳಿಗೆ ಎರಡು. ಪರಿಚಾರಿಕೆಯರು ಅವನ್ನೆಲ್ಲ ‘ಉಪಸ್ವೇದ’ವುಳ್ಳ ಪಾತ್ರೆಗಳಲ್ಲಿ ಇಡುತ್ತಾರೆ. ಈ ಪದವು ಗಮನಾರ್ಹವಾದುದು. ಬೆವರುವಿಕೆಯನ್ನು ಹೇಳುವ ಸ್ವಿದ್ ಧಾತುವಿನಿಂದ ಬಂದ ಇದಕ್ಕೆ ಬರಿಯ ಬಿಸಿ ಎಂದಲ್ಲ, ತೇವದಿಂದ ಕೂಡಿದ ಬಿಸಿ ಎಂದು ಅರ್ಥ. ಐನೂರು ವರ್ಷಗಳಾದ ಮೇಲೆ ಕದ್ರುವಿನ ಮಕ್ಕಳೆಲ್ಲ ಹೊರಬಂದರು. ವಿನತೆಯ ಎರಡು ಅಂಡಗಳು ಮಾತ್ರ ಹಾಗೆಯೇ ಇದ್ದವು. ಸವತಿಯ ಅಂಗಳ ತುಂಬಿದ್ದನ್ನು ಕಂಡು ನಾಚಿದ ಆ ತಾಯಿಯು ಒಂದು ಅಂಡವನ್ನು ತಾನೇ ಒಡೆದಳು. ಒಳಗಿದ್ದ ಮಗನ ಮೇಲರ್ಧವು ಪೂರ್ಣವಾಗಿತ್ತು. ಕೆಳಗಿನರ್ಧವು ಇನ್ನೂ ರೂಪುಗೊಂಡಿರಲಿಲ್ಲ. ಯಾರೊಡನೆ ಸ್ಪರ್ಧಿಸಿ ಹೀಗೆ ಮಾಡಿದೆಯೋ ಅವಳಿಗೇ ಐನೂರು ವರ್ಷ ದಾಸಿಯಾಗಿರು ಎಂದು ಅವನು ಶಪಿಸಿದನು. ಶಾಪದ ಜೊತೆಯಲ್ಲಿಯೇ ವಿಮೋಚನೆಯ ದಾರಿಯನ್ನೂ ಹೇಳಿದನು: ಎರಡನೆಯ ಅಂಡವನ್ನು ಮುಟ್ಟದೆ ಧೈರ್ಯದಿಂದ ಕಾದರೆ ಅದರಲ್ಲಿರುವ ಮಗನೇ ನಿನ್ನನ್ನು ಬಿಡಿಸುವನು.

ವಿನತೆಯಲ್ಲಿ ಮಾತೃವಾತ್ಸಲ್ಯವಿರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಅಂಡವನ್ನು ಒಡೆದ ಕೈ ವಾತ್ಸಲ್ಯದ್ದಲ್ಲ, ಹೋಲಿಕೆಯದು. ಪಕ್ಕದ ಮನೆಯ ಹುಡುಗ ಆಗಲೇ ಕ್ಲಾಸಿಗೆ ಸೇರಿದ್ದಾನೆ, ನಮ್ಮವನು ಇನ್ನೂ ಅಂಗಳದಲ್ಲಿ ಆಡುತ್ತಿದ್ದಾನೆ ಎಂದು ಠಾಣೆಯಿಂದ ನೆರೂಳಿನವರೆಗೆ ತಳಮಳಿಸುವ ತಾಯಿತಂದೆಯರನ್ನು ನಾವು ದಿನವೂ ಕಾಣುತ್ತೇವೆ. ಆ ವಿಷಯ ಇಲ್ಲಿ ಬೇಡ. ಅದಕ್ಕೆ ಬೇರೆಯೇ ಲೇಖನ ಬೇಕಾದೀತು.

ಕೋಳಿಯ ಅಂಡವು ಮರಿಯಾಗಲು ೨೧ ದಿನ ಬೇಕು. ಸುಮಾರು ೩೭.೫ ಡಿಗ್ರಿ ಸೆಲ್ಸಿಯಸ್ ಶಾಖ, ಹದವಾದ ತೇವ, ದಿನಕ್ಕೆ ಹಲವು ಬಾರಿ ಹೊರಳಿಸುವಿಕೆ—ಇವಿಷ್ಟನ್ನು ತಾಯಿಕೋಳಿಯು ತನ್ನ ಮೈಯಿಂದಲೇ ಒದಗಿಸುತ್ತದೆ. ಕೊನೆಯ ಮೂರು ದಿನ ಹೊರಳಿಸುವುದು ನಿಲ್ಲಬೇಕು, ತೇವ ಹೆಚ್ಚಬೇಕು. ಆಗ ಒಳಗಿನ ಮರಿಯು ಅಂಡದ ಅಗಲದ ತುದಿಯಲ್ಲಿರುವ ಗಾಳಿಯ ಪೊರೆಯನ್ನು ಕೊಕ್ಕಿನಿಂದ ತೂತು ಮಾಡಿ ಮೊಟ್ಟಮೊದಲ ಉಸಿರನ್ನು ಎಳೆದುಕೊಳ್ಳುತ್ತದೆ. ಬಳಿಕ ಚಿಪ್ಪಿನಲ್ಲಿ ಸಣ್ಣದೊಂದು ಬಿರುಕು ಮಾಡಿ ಸುಮ್ಮನಾಗಿಬಿಡುತ್ತದೆ. ಹನ್ನೆರಡು ಗಂಟೆ, ಒಮ್ಮೊಮ್ಮೆ ಇಪ್ಪತ್ತನಾಲ್ಕು ಗಂಟೆ ಕಳೆದರೂ ಹೊರಗೆ ಬಾರದು. ನೋಡುವವರಿಗೆ ಅದು ಸಾಯುತ್ತಿದೆಯೆಂದೇ ತೋರುತ್ತದೆ. ವಾಸ್ತವದಲ್ಲಿ ಆ ಹೊತ್ತಿನಲ್ಲಿ ಚಿಪ್ಪಿನ ಒಳಪೊರೆಯ ನಾಳಗಳಲ್ಲಿದ್ದ ರಕ್ತವು ಮರಿಯ ಮೈಗೆ ಹಿಂದಿರುಗುತ್ತಿರುತ್ತದೆ. ಉಳಿದ ಹಳದಿ ಭಂಡಾರವು ಹೊಟ್ಟೆಯೊಳಕ್ಕೆ ಸೇರಿಕೊಳ್ಳುತ್ತಿರುತ್ತದೆ. ಆಗ ಕನಿಕರದಿಂದ ಚಿಪ್ಪನ್ನು ಬಿಡಿಸಿದರೆ ನಾಳಗಳು ಹರಿದು ರಕ್ತ ಸೋರುತ್ತದೆ, ಹಳದಿಯ ಚೀಲವು ಹೊರಗೇ ಉಳಿಯುತ್ತದೆ. ಮರಿ ಸಾಯಬಹುದು, ಬದುಕಿದರೆ ದುರ್ಬಲವಾಗಬಹುದು. ಪುರಾಣದಲ್ಲಿ ಇಂದಿನ ಯಂತ್ರಗಳನ್ನೆಲ್ಲ ಹುಡುಕುವ ಹವ್ಯಾಸ ನಮಗಿಲ್ಲ. ವಿಮಾನವನ್ನೂ ಅಣುಬಾಂಬನ್ನೂ ಹುಡುಕುವವರು ಬೇರೆ ಇದ್ದಾರೆ. ಆದರೆ ಅಂಡದೊಳಗಿನ ಜೀವದ ಕೆಳಗಿನರ್ಧವೇ ಕಡೆಗೆ ಸಿದ್ಧವಾಗುವುದೆಂದು ಕಥೆ ಹೇಳಿದಾಗ, ಹಿಂದಿನವರು ಕೋಳಿಗೂಡಿನ ಬಳಿ ಕುಳಿತು ಕಣ್ಣುಬಿಟ್ಟು ನೋಡಿದ್ದರೆಂಬುದರಲ್ಲಿ ನಮಗೆ ಸಂಶಯವಿಲ್ಲ.

ಹೊಟ್ಟೆ ಸೇರಿದ ಆ ಹಳದಿಯೇ ಮರಿಗೆ ಎರಡು ಮೂರು ದಿನಗಳ ಬುತ್ತಿ. ಇದರ ಬಲದಿಂದಲೇ ಒಂದು ದಿನದ ಮರಿಗಳನ್ನು ಅನ್ನನೀರಿಲ್ಲದೆ ದೂರದ ಊರುಗಳಿಗೆ ಕಳುಹಿಸುವ ವ್ಯಾಪಾರವು ಬೆಳೆಯಿತು. ಅಮೆರಿಕದ ಅಂಚೆ ಇಲಾಖೆಯು ೧೯೧೮ರಲ್ಲಿಯೇ ಇಂಥ ಮರಿಗಳನ್ನು ಒಯ್ಯಲು ಒಪ್ಪಿತು. ನಮ್ಮ ರೈಲುಗಳ ಪಾರ್ಸೆಲ್ ಡಬ್ಬಿಗಳಲ್ಲಿಯೂ ತೂತು ಕೊರೆದ ರಟ್ಟಿನ ಪೆಟ್ಟಿಗೆಗಳು ಬರುತ್ತಿದ್ದವು. ನಾವು ಸೇವೆಯಲ್ಲಿದ್ದಾಗ ಬೇಸಿಗೆಯ ಒಂದು ರಾತ್ರಿ ಜಂಕ್ಷನ್ನಿನ ಪಾರ್ಸೆಲ್ ಕಛೇರಿಯಲ್ಲಿ ಅಂಥ ಪೆಟ್ಟಿಗೆಗಳ ಚಿಲಿಪಿಲಿಯನ್ನು ಕೇಳುತ್ತ ನಿಂತಿದ್ದೆವು. ಗಾಡಿ ಬಹಳ ತಡವಾಗಿತ್ತು. ಬಿಡಿಸಿಕೊಳ್ಳಲು ಬಂದ ವ್ಯಾಪಾರಿಯು ಪೆಟ್ಟಿಗೆಗಳನ್ನು ತೆರೆದು, ಸತ್ತವನ್ನು ಒಂದು ಕಡೆ, ಬದುಕಿದವನ್ನು ಒಂದು ಕಡೆ ಹಾಕಿದನು. ಬದುಕಿದ್ದರೂ ಕಾಲೂರಲಾರದವನ್ನು ಮಾತ್ರ ಕ್ಷಣವೂ ಯೋಚಿಸದೆ ಸತ್ತವುಗಳ ರಾಶಿಗೆ ಸೇರಿಸಿದನು. ಅವನು ಕ್ರೂರಿಯಾಗಿರಲಿಲ್ಲ, ಲೆಕ್ಕಕ್ಕೆ ಬಾರದ್ದನ್ನು ಲೆಕ್ಕದಿಂದ ತೆಗೆಯುತ್ತಿದ್ದನು, ಅಷ್ಟೆ. ಆ ಲೆಕ್ಕದ ಬಗೆಗೇ ನಮ್ಮ ಆಕ್ಷೇಪ.

ಇಷ್ಟು ಪೀಠಿಕೆ ಹಾಕಿದ್ದು ನಮ್ಮ ಪರಿಚಯದ ಮನೆಯೊಂದರಲ್ಲಿ ನಡೆದುದನ್ನು ಹೇಳುವುದಕ್ಕಾಗಿ. ವಿಜಯಪುರದ ಕಡೆಯಿಂದ ಬಂದು ಮೂರು ತಲೆಮಾರಿನಿಂದ ಡೊಂಬಿವಲಿ ಪೂರ್ವದಲ್ಲಿ ನೆಲೆಸಿದ ವೈಷ್ಣವ ಕುಟುಂಬವದು. ೨೦೨೦ನೆಯ ಇಸವಿ. ಶಾಲೆಗಳು ಮುಚ್ಚಿದ್ದವು, ಲೋಕಲ್ ಗಾಡಿಗಳು ಸಾಮಾನ್ಯ ಜನರಿಗಿರಲಿಲ್ಲ. ಮನೆಯ ಹನ್ನೆರಡು ವರ್ಷದ ಹುಡುಗನು ಥರ್ಮೊಕೋಲ್ ಪೆಟ್ಟಿಗೆಯೊಂದಕ್ಕೆ ಬಲ್ಬು ಹಾಕಿ, ಒಳಗೆ ಒಂದು ಬಟ್ಟಲು ನೀರಿಟ್ಟು, ಟಿಟ್ವಾಳಾ ಕಡೆಯಿಂದ ಹಾಲು ತರುವಾತನಿಂದ ಎಂಟು ನಾಟಿಕೋಳಿಯ ಅಂಡಗಳನ್ನು ತರಿಸಿ ಇಟ್ಟನು. ಅಂಗಡಿಯಲ್ಲಿ ಮಾರುವ ಅಂಡಗಳಲ್ಲಿ ಹುಂಜದ ಸಂಪರ್ಕವಿಲ್ಲದೆ ಮರಿಯಾಗದೆಂಬುದನ್ನು ಅವನು ಎಲ್ಲಿಯೋ ಓದಿ ತಿಳಿದಿದ್ದನು. ಇಟ್ಟದ್ದು ಸೆಪ್ಟೆಂಬರ್ ೨೭ರಂದು. ಆ ವರ್ಷ ಅಧಿಕ ಆಶ್ವಿನ ಮಾಸವೆಂಬುದು ವಾಚಕರಿಗೆ ನೆನಪಿರಬಹುದು. ಪುರುಷೋತ್ತಮ ಮಾಸದ ವ್ರತನಿಯಮಗಳಲ್ಲಿದ್ದ ಅಜ್ಜಿಯವರು ನಮಗೆ ದೂರವಾಣಿ ಮಾಡಿದರು: “ರಾಯರ, ಅಧಿಕ ಮಾಸದಾಗ ಈ ಹುಡುಗ ಮನ್ಯಾಗ ತತ್ತಿ ತಂದಿಟ್ಟಾನ್ರೀ. ಹೊರಗ ಒಗಸಲೋ, ಇಟಗೊಳ್ಳಲೋ? ನೀವ ಹೇಳ್ರಿ.”

ಇಡುವ ಮೊದಲು ಕೇಳಿದ್ದರೆ ಬೇಡವೆನ್ನುತ್ತಿದ್ದೆವು. ಕಾರಣವನ್ನು ಮುಂದೆ ಹೇಳುತ್ತೇವೆ. ಆದರೆ ಅವರು ಕೇಳುವಾಗ ಶಾಖ ಕೊಟ್ಟು ನಾಲ್ಕು ದಿನಗಳಾಗಿದ್ದವು. ಅಷ್ಟರೊಳಗೆ ಅಂಡದಲ್ಲಿ ಹೃದಯವು ಮಿಡಿಯತೊಡಗಿರುತ್ತದೆ. ಅಲ್ಲಿಯವರೆಗೆ ಅದು ಆಹಾರನಿಷೇಧದ ವಸ್ತು. ಆ ಬಳಿಕ ಆಶ್ರಿತ ಜೀವ. ಹೊರಗೆ ಹಾಕಿಸಕೂಡದೆಂದು ಹೇಳಿದೆವು. ಅಜ್ಜಿಯವರು ನಿಟ್ಟುಸಿರು ಬಿಟ್ಟು ಪೆಟ್ಟಿಗೆಯನ್ನು ದೇವರ ಮನೆಯಿಂದ ಅತಿ ದೂರದ ಬಾಲ್ಕನಿಗೆ ಕಳುಹಿಸಿದರು.

ಅಕ್ಟೋಬರ್ ೧೨ರ ಸೋಮವಾರ ಬೆಳಿಗ್ಗೆ ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲೆಲ್ಲ ಏಕಕಾಲಕ್ಕೆ ವಿದ್ಯುತ್ತು ಹೋಯಿತಲ್ಲವೇ? ಅದು ಆ ಅಂಡಗಳಿಗೆ ಹದಿನೈದನೆಯ ದಿನ. ಗಂಟೆಗಟ್ಟಲೆ ಬಲ್ಬು ಉರಿಯಲಿಲ್ಲ. ಹುಡುಗ ಅಳತೊಡಗಿದಾಗ ಅಜ್ಜಿಯವರೇ ನೀರು ಕಾಯಿಸಿ, ಹಿತ್ತಾಳೆಯ ತಂಬಿಗೆಯಲ್ಲಿ ತುಂಬಿ, ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟರು. ವ್ಯಾಸರು ಹೇಳಿದ ಉಪಸ್ವೇದದ ಪಾತ್ರೆಯು ಹೀಗೆ ಡೊಂಬಿವಲಿಯ ಬಾಲ್ಕನಿಯಲ್ಲಿ ಸಿದ್ಧವಾಯಿತು. ೧೮ನೆಯ ತಾರೀಖು, ನವರಾತ್ರಿಯ ಎರಡನೆಯ ದಿನ, ನಾಲ್ಕು ಮರಿಗಳು ಹೊರಬಂದವು. ಮೂರು ಅಂಡಗಳು ಫಲಿಸಲೇ ಇಲ್ಲ. ಎಂಟನೆಯದರಲ್ಲಿ ಬಿರುಕು ಮೂಡಿ ಅಲ್ಲಿಗೇ ನಿಂತಿತು. ಸಂಜೆಯಾಯಿತು, ರಾತ್ರಿಯಾಯಿತು, ಒಳಗಿನಿಂದ ಕ್ಷೀಣವಾದ ಸದ್ದೊಂದೇ. ಹುಡುಗನು ಚಿಮಟ ಹಿಡಿದು ಚಿಪ್ಪು ಬಿಡಿಸಲು ಕುಳಿತಾಗ ಅಜ್ಜಿಯವರು ಅವನ ಕೈಹಿಡಿದು, “ವಿನತಾನ ಕಥಿ ಮರ್ತಿಯೇನೋ? ಅದರ ಟೈಮಿಗೆ ಅದು ಬರತದ, ತಡಿ” ಎಂದರಂತೆ. ಇಪ್ಪತ್ತು ಗಂಟೆಗಳ ಬಳಿಕ ಮರಿಯು ತಾನಾಗಿಯೇ ಬಂತು. ಆದರೆ ಅದರ ಎರಡು ಕಾಲುಗಳೂ ಈಜುವವರ ಕೈಗಳಂತೆ ಎರಡು ಬದಿಗೆ ಚಾಚಿಕೊಂಡಿದ್ದವು. ನಿಲ್ಲಲು ಹೋದರೆ ಎದೆಯ ಮೇಲೆ ಬೀಳುತ್ತಿತ್ತು.

ಆಗ ಹುಡುಗನು ಕೇಳಿದ ಪ್ರಶ್ನೆಗೆ ಉತ್ತರ ಕಾಣದೆ ಅಜ್ಜಿಯವರು ಮತ್ತೆ ನಮಗೆ ದೂರವಾಣಿ ಮಾಡಿದರು. “ನೀ ಹೇಳಿದ್ದಕ್ಕ ನಾ ಕಾದೆ. ವಿನತಾ ಕಾಯಲಿಲ್ಲ, ಮಗ ಕುಂಟ ಆದ. ನಾವು ಕಾದ್ರೂ ಯಾಕ ಕುಂಟ ಆತು?”

ಮೇಲೆ ಹೇಳಿದ ಬಾಲಕಿಯ ಪ್ರಶ್ನೆಗಿಂತ ಇದು ಕಠಿಣವಾದುದು. ಅಲ್ಲಿ ಯಾರದಾದರೂ ತಪ್ಪುಂಟು. ಇಲ್ಲಿ ತಪ್ಪೇ ಇಲ್ಲ. ಶಾಖದ ಏರಿಳಿತದಿಂದ ಕಾಲು ಹೀಗಾಗುವುದುಂಟು. ಹುಟ್ಟಿದೊಡನೆ ನುಣುಪಾದ ಕಾಗದದ ಮೇಲೆ ಜಾರಿದರೂ ಆಗುವುದುಂಟು. ಕಾರಣ ತಿಳಿಯದೆಯೂ ಆಗುವುದುಂಟು. ಮನೆಯ ಯಜಮಾನರು, ಅಂದರೆ ಹುಡುಗನ ತಂದೆ, ಪ್ರಕೃತಿಯ ನಿಯಮವೇ ಹೀಗೆ, ದುರ್ಬಲವಾದದ್ದು ಉಳಿಯುವುದಿಲ್ಲ, ಟೆರೇಸಿನಲ್ಲಿ ಬಿಟ್ಟುಬಿಡೋಣ ಎಂದರು. ಕಾಗೆಗಳಿಗೆ ಆಹಾರವಾದೀತೆಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ. ನೆರೆಯ ಆಸ್ತಿಕರೊಬ್ಬರು, ಅದರ ಪ್ರಾರಬ್ಧವನ್ನು ಅದು ಅನುಭವಿಸಲಿ, ನಡುವೆ ಹೋಗಲು ನಾವು ಯಾರು ಎಂದರು. ಎರಡು ಮಾತುಗಳೂ ಸಮಾಜದಲ್ಲಿ ಗೌರವದಿಂದ ಓಡಾಡುವ ಮಾತುಗಳೇ. ಆದ್ದರಿಂದ ಎರಡನ್ನೂ ಪರಿಶೀಲಿಸಬೇಕು.

ಪ್ರಕೃತಿ ನಿಯಮದ ಮಾತು ಅರ್ಧಸತ್ಯ. ಖಾಂಡವದಹನದ ನಡುವೆ ಬರುವ ಶಾರ್ಙ್ಗಕ ಪಕ್ಷಿಗಳ ಪ್ರಸಂಗವನ್ನು ನೆನೆಯಿರಿ. ಜರಿತೆಯೆಂಬ ತಾಯಿ, ರೆಕ್ಕೆ ಬಲಿಯದ ನಾಲ್ಕು ಮರಿಗಳು, ಸುತ್ತಲೂ ಬೆಂಕಿ. ಎಲ್ಲವನ್ನೂ ಹೊತ್ತು ಹಾರಲಾರಳು, ಬಿಟ್ಟು ಹೋಗಲಾರಳು. ನೀನು ಬದುಕಿದರೆ ಮತ್ತೆ ಮಕ್ಕಳಾದಾವು, ಹೋಗು ಎಂದು ಮರಿಗಳೇ ವಾದಿಸುತ್ತವೆ. ಪ್ರಕೃತಿಯ ಲೆಕ್ಕ ಆ ಮರಿಗಳಿಗೇ ಚೆನ್ನಾಗಿ ಗೊತ್ತು! ಆದರೂ ತಾಯಿಗೆ ಆ ಲೆಕ್ಕ ಕೂಡಲೇ ಒಪ್ಪಿಗೆಯಾಗುವುದಿಲ್ಲ; ಕವಿಯೂ ಕಥೆಯನ್ನು ಅಲ್ಲಿಗೆ ಮುಗಿಸುವುದಿಲ್ಲ, ಅಗ್ನಿಯನ್ನು ಸ್ತುತಿಸಿದ ಮರಿಗಳು ಉಳಿಯುತ್ತವೆ. ಇನ್ನು ಕಾಡಿನ ತಾಯಿಪಕ್ಷಿಯು ದುರ್ಬಲ ಮರಿಯನ್ನು ಬಿಟ್ಟುಹೋಗುವುದು ನಿಜವೇ ಆದರೂ, ಥರ್ಮೊಕೋಲಿನ ಪೆಟ್ಟಿಗೆಯಲ್ಲಿ ಬಲ್ಬಿನ ಬಿಸಿಯಲ್ಲಿ ಹುಟ್ಟಿಸುವಾಗ ಪ್ರಕೃತಿಯನ್ನು ಬದಿಗಿಟ್ಟವರು, ಕುಂಟುಮರಿ ಬಂದೊಡನೆ ಪ್ರಕೃತಿಯನ್ನು ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ.

ಪ್ರಾರಬ್ಧದ ಮಾತು ಇನ್ನಷ್ಟು ಸೂಕ್ಷ್ಮ, ಏಕೆಂದರೆ ಅದು ನಮ್ಮ ಸಿದ್ಧಾಂತದ ಭಾಷೆಯನ್ನೇ ಆಡುತ್ತದೆ. ಮರಿಯ ಕಾಲು ಹಾಗಾದದ್ದು ಅದರ ಕರ್ಮಫಲವೆಂದೇ ಇಟ್ಟುಕೊಳ್ಳೋಣ. ಆ ಮರಿಯು ಬಾಲ್ಕನಿಯಲ್ಲಿ ಬ್ಯಾಂಡೇಜು ಹಿಡಿದ ಹುಡುಗನ ಎದುರಿಗೆ ಬಿದ್ದದ್ದು ಯಾರ ಕರ್ಮ? ಕರ್ಮಫಲವನ್ನು ಕೊಡುವವನು ಸ್ವತಂತ್ರನಾದ ಶ್ರೀಹರಿಯೊಬ್ಬನೇ. ಇಂಥ ಜೀವಕ್ಕೆ ಇಷ್ಟು ನೋವು ಇನ್ನೂ ಬಾಕಿ ಇದೆ, ಅದನ್ನು ತಪ್ಪಿಸಬಾರದು ಎಂದು ನಿರ್ಣಯಿಸುವ ಅಸ್ವತಂತ್ರ ಜೀವನು ಭಗವಂತನ ಖಾತೆಪುಸ್ತಕವನ್ನು ತಾನೇ ತೆರೆದು ನೋಡಿದಂತಾಯಿತು. ನಮಗೆ ಜ್ವರ ಬಂದಾಗ ಪ್ರಾರಬ್ಧವೆಂದು ಯಾರೂ ಮಲಗಿರುವುದಿಲ್ಲ; ಔಷಧದ ಅಂಗಡಿಗೆ ಓಡುತ್ತೇವೆ. ಸರ್ವಭೂತಗಳಲ್ಲಿ ಅಂತರ್ಯಾಮಿಯಾಗಿರುವ ತನ್ನನ್ನು ಉಪೇಕ್ಷಿಸಿ ಪ್ರತಿಮೆಯನ್ನಷ್ಟೇ ಅರ್ಚಿಸುವವನ ಪೂಜೆಯು ಬೂದಿಯಲ್ಲಿ ಹೋಮ ಮಾಡಿದಂತೆ ಎಂದು ಭಾಗವತದ ತೃತೀಯ ಸ್ಕಂಧದಲ್ಲಿ ಕಪಿಲರೂಪಿ ಭಗವಂತನು ತಾಯಿಗೆ ಹೇಳಿದ ಅಭಿಪ್ರಾಯವನ್ನು ಇಲ್ಲಿ ನೆನೆಯಬೇಕು.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದುಂಟು. ಪಂಚಭೇದಗಳಲ್ಲಿ ಜೀವಜೀವಭೇದವೂ ಒಂದೆಂದು ನಾವು ಬಾಯಿಪಾಠ ಹೇಳುತ್ತೇವೆ. ಒಂದು ಜೀವವು ಇನ್ನೊಂದಲ್ಲ, ಪ್ರತಿಯೊಂದಕ್ಕೂ ತನ್ನದೇ ಸ್ವರೂಪವಿದೆ, ಅದು ಅನಾದಿ. ಹಾಗಿದ್ದ ಮೇಲೆ, ಇದು ಹೋದರೇನು, ಇನ್ನು ನಾಲ್ಕಿವೆ ಎಂಬ ಮಾತನ್ನು ನಾವು ಹೇಗೆ ಆಡಬಲ್ಲೆವು? ಪಾರ್ಸೆಲ್ ಕಛೇರಿಯ ಆ ವ್ಯಾಪಾರಿಗೆ ಮರಿಗಳು ಎಣಿಕೆಯ ವಸ್ತು; ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲುತ್ತದೆ. ತತ್ತ್ವವಾದಿಗೆ ಹಾಗೆ ನಿಲ್ಲುವುದಿಲ್ಲ. ವಿಕಲವಾದದ್ದು ದೇಹ. ಆ ದೇಹದೊಳಗಿನ ಜೀವಕ್ಕೆ ಬದಲಿ ಜೀವವೆಂಬುದು ಹದಿನಾಲ್ಕು ಲೋಕಗಳಲ್ಲಿಯೂ ಇಲ್ಲ. ಈ ಭೇದವನ್ನು ಒಪ್ಪುವವರು ಕುಂಟುಮರಿಯ ಬಗೆಗೆ ಉಳಿದವರಿಗಿಂತ ಹೆಚ್ಚು ಎಚ್ಚರದಿಂದಿರಬೇಕೆಂದು ನಮ್ಮ ಅಲ್ಪಮತಿಗೆ ತೋರುತ್ತದೆ.

ಸರಿ, ಮರಿಗೆ ಏನು ಮಾಡಿದರು? ಲೋಕಲ್ ಗಾಡಿ ಇಲ್ಲದೆ ಪರೇಲಿನ ಬೈಲ್‌ಘೋಡಾ ಆಸ್ಪತ್ರೆಗೆ ಹೋಗುವಂತಿರಲಿಲ್ಲ. ಪಶುವೈದ್ಯರೊಬ್ಬರು ದೂರವಾಣಿಯಲ್ಲಿಯೇ ಹೇಳಿಕೊಟ್ಟರು. ಅಂಟುಪಟ್ಟಿಯನ್ನು ಉದ್ದಕ್ಕೆ ಸಣ್ಣಗೆ ಸೀಳಿ, ಎರಡು ಕಾಲುಗಳೂ ಸಹಜವಾಗಿ ನಿಲ್ಲುವಷ್ಟು ಅಂತರವಿಟ್ಟು ಬೇಡಿಯಂತೆ ಕಟ್ಟಬೇಕು. ರಕ್ತಸಂಚಾರಕ್ಕೆ ತಡೆಯಾಗುವಂತೆ ಬಿಗಿಯಬಾರದು. ಕೆಳಗೆ ಕಾಗದವಲ್ಲ, ಒರಟು ಬಟ್ಟೆಯನ್ನು ಹಾಸಬೇಕು. ದಿನಕ್ಕೊಮ್ಮೆ ಬಿಚ್ಚಿ ನೋಡಬೇಕು. ಎಲುಬು ಇನ್ನೂ ಎಳೆಯದಾಗಿರುವ ಮೊದಲ ಒಂದೆರಡು ದಿನಗಳಲ್ಲಿಯೇ ಆರಂಭಿಸಿದರೆ ಹೆಚ್ಚಿನ ಮರಿಗಳು ಕೆಲವೇ ದಿನಗಳಲ್ಲಿ ನಿಲ್ಲುತ್ತವೆ. ವಾರಗಟ್ಟಲೆ ತಡಮಾಡಿದರೆ ಫಲವಿಲ್ಲ. ಮೊದಲ ವಾರ ೩೫ ಡಿಗ್ರಿಯಷ್ಟು ಬೆಚ್ಚಗಿರಬೇಕು, ಆಮೇಲೆ ವಾರವಾರಕ್ಕೆ ಇಳಿಸಬೇಕು. ಬೆರಳುಗಳು ಒಳಕ್ಕೆ ಮುದುಡಿದ್ದರೆ ರೈಬೊಫ್ಲೇವಿನ್ ಎಂಬ ಜೀವಸತ್ವದ ಕೊರತೆಯಿರಬಹುದು, ಅದಕ್ಕೂ ಉಪಾಯವಿದೆ. ಆ ಮನೆಯ ಮರಿಯು ಐದನೆಯ ದಿನ ಎರಡು ಹೆಜ್ಜೆ ಇಟ್ಟಿತು. ಬಲಗಾಲು ಸ್ವಲ್ಪ ಎಳೆಯುವುದು ಮಾತ್ರ ಕೊನೆಯವರೆಗೂ ಉಳಿಯಿತು.

ನಮ್ಮ ವಾಚಕರಲ್ಲಿ ಕೋಳಿಯನ್ನು ಸಾಕುವವರು ಇಲ್ಲವೆಂದೇ ಹೇಳಬೇಕು. ಆದರೆ ಕಲ್ಯಾಣ, ಠಾಣೆ, ವಾಶಿಗಳ ಯಾವ ಕಟ್ಟಡದಲ್ಲಿ ಪಾರಿವಾಳವಿಲ್ಲ? ಹವಾನಿಯಂತ್ರಕದ ಹಿಂದೆ, ಸ್ನಾನಗೃಹದ ಕಿಟಕಿಯಲ್ಲಿ ಎರಡು ಬಿಳಿಯ ಅಂಡಗಳು. ಹದಿನೆಂಟು ದಿನಗಳಾಗುವಾಗ ಹಳದಿ ರೋಮದ ಎರಡು ಮರಿಗಳು. ಅವುಗಳಲ್ಲೊಂದು ಕೆಳಗೆ ಬಿದ್ದರೆ ನಮ್ಮ ಗೃಹಿಣಿಯರು ದಯೆಯಿಂದ ಮಾಡುವ ಮೊದಲ ಕೆಲಸವೆಂದರೆ ಚಮಚೆಯಲ್ಲಿ ಹಸುವಿನ ಹಾಲು ಹಾಕುವುದು. ಪಕ್ಷಿಗೆ ಹಾಲಿನ ಸಕ್ಕರೆ ಜೀರ್ಣವಾಗದು. ಕೊಕ್ಕು ತೆರೆದು ನೀರು ಹೊಯ್ದರೆ ಅದು ಶ್ವಾಸನಾಳಕ್ಕೆ ಇಳಿದು ಮರಿ ಉಸಿರುಕಟ್ಟಿ ಸಾಯುತ್ತದೆ. ಪಾರಿವಾಳದ ತಾಯಿತಂದೆಗಳಿಬ್ಬರೂ ತಮ್ಮ ಗಂಟಲಚೀಲದಲ್ಲಿ ಒಸರುವ ಒಂದು ಬಗೆಯ ಮೊಸರಿನಂಥ ದ್ರವವನ್ನು ಮೊದಲ ವಾರ ಮರಿಗೆ ಉಣಿಸುತ್ತವೆ. ಅದಕ್ಕೆ ಸಾಟಿಯಾದದ್ದು ನಮ್ಮ ಅಡಿಗೆಮನೆಯಲ್ಲಿಲ್ಲ. ಆದ್ದರಿಂದ ಮರಿಯನ್ನು ಬೆಚ್ಚಗೆ ಮಾಡಿ ಗೂಡಿಗೇ ಹಿಂದಿರುಗಿಸುವುದು ಮೊದಲ ಕರ್ತವ್ಯ. ಮನುಷ್ಯರ ಕೈ ತಗಲಿದರೆ ತಾಯಿ ಸೇರಿಸಿಕೊಳ್ಳುವುದಿಲ್ಲವೆಂಬುದು ಬರಿಯ ಮಾತು. ಪಾರಿವಾಳದ ಹಿಕ್ಕೆಯಿಂದ ಶ್ವಾಸಕೋಶದ ವ್ಯಾಧಿ ಬರುವುದೂ ಸುಳ್ಳಲ್ಲ. ೨೦೨೫ರಲ್ಲಿ ಮುಂಬಯಿಯ ಕಬೂತರಖಾನೆಗಳ ವಿಷಯವಾಗಿ ಉಚ್ಚ ನ್ಯಾಯಾಲಯದವರೆಗೆ ನಡೆದ ವಿವಾದವನ್ನು ಎಲ್ಲರೂ ಬಲ್ಲರು. ಗೂಡು ಬೇಡವಾದವರು ಕಡ್ಡಿ ತರುವ ಮೊದಲೇ ಜಾಲರಿ ಹಾಕಿಸಬೇಕು. ಅಂಡವಿಟ್ಟ ಮೇಲೆ ಗೂಡನ್ನು ಕಿತ್ತೆಸೆಯುವುದು, ಆ ಪಾಪವನ್ನು ಕೆಲಸದವಳ ಕೈಯಿಂದ ಮಾಡಿಸುವುದು—ಇವು ನಮಗೆ ಸರಿದೋರುವುದಿಲ್ಲ.

ಎಲ್ಲ ಮರಿಗಳೂ ನಿಲ್ಲುವುದಿಲ್ಲ. ಕರುಳು ಹೊರಬಂದದ್ದು, ಕೊಕ್ಕೇ ಕೂಡದಿರುವುದು, ಉಸಿರಿಗಾಗಿ ದಿನಗಟ್ಟಲೆ ಒದ್ದಾಡುವುದು—ಇಂಥವಕ್ಕೆ ಏನು ಹೇಳಬೇಕು? ೧೯೨೮ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ಗುಣವಾಗದ ವ್ಯಾಧಿಯಿಂದ ನರಳುತ್ತಿದ್ದಾಗ ಗಾಂಧೀಜಿಯವರು ಚುಚ್ಚುಮದ್ದಿನಿಂದ ಅದರ ಮರಣವನ್ನು ಮಾಡಿಸಿದರು. ದೇಶದ ಆಸ್ತಿಕರು ಕಿಡಿಕಿಡಿಯಾದರು. ಬದುಕಿಸಿಡುವುದೇ ಕ್ರೌರ್ಯವಾಗುವ ಸ್ಥಿತಿಯಲ್ಲಿ ಪ್ರಾಣಿಗೆ ಮರಣ ಕೊಡಿಸುವ ಅವಕಾಶವನ್ನು ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯೂ ಇಟ್ಟಿದೆ. ನಾವು ಸಂಪ್ರದಾಯದವರು, ಗಾಂಧೀಜಿಯವರ ಆ ನಿರ್ಣಯವನ್ನು ಸಂಪೂರ್ಣವಾಗಿ ಒಪ್ಪಲು ನಮ್ಮ ಮನಸ್ಸು ಹಿಂಜರಿಯುತ್ತದೆ. ಆದರೆ ಅವರನ್ನು ಬೈದವರಿಗಿಂತ ಅವರು ಆ ಕರುವಿನ ಸಮೀಪದಲ್ಲಿದ್ದರು ಎಂಬುದನ್ನು ಮರೆಯಲಾಗದು. ಶುಶ್ರೂಷೆ ಮಾಡಿ, ವೈದ್ಯರ ಮಾತು ಕೇಳಿ, ಕೈಲಾದದ್ದೆಲ್ಲ ಮುಗಿದ ಮೇಲೆ ಕೇಳುವ ಪ್ರಶ್ನೆ ಬೇರೆ. ನೋಡಲಾಗುವುದಿಲ್ಲವೆಂದು ಮೊದಲ ಗಂಟೆಯಲ್ಲಿಯೇ ಕೇಳುವ ಪ್ರಶ್ನೆ ಬೇರೆ. ಎರಡನೆಯದರಲ್ಲಿ ನಾವು ಕೊನೆಗಾಣಿಸಲು ಹೊರಟಿರುವುದು ಮರಿಯ ಸಂಕಟವನ್ನಲ್ಲ, ನಮ್ಮ ಸಂಕಟವನ್ನು.

ಈ ವಿಷಯದಲ್ಲಿ ಮುಂಬಯಿಯ ಗುಜರಾತಿ, ಜೈನ, ಪಾರಸಿ ಬಂಧುಗಳಿಗೆ ನಾವು ತಲೆಬಾಗಬೇಕು. ಬೊಂಬಾಯಿಯ ಪಾಂಜರಾಪೋಳವು ೧೮೩೪ರಲ್ಲಿ ಸ್ಥಾಪನೆಯಾಯಿತು. ಹಾಲು ಕೊಡದ, ಹೊರೆ ಎಳೆಯದ ಪ್ರಾಣಿಗಳಿಗೆ ಅಂದಿನಿಂದ ಆಶ್ರಯವಿದೆ. ದೆಹಲಿಯ ಚಾಂದನಿ ಚೌಕದಲ್ಲಿ ಜೈನರು ನಡೆಸುವ ಪಕ್ಷಿಗಳ ಆಸ್ಪತ್ರೆಯೂ ಪ್ರಸಿದ್ಧವಾದುದು. ಅಲ್ಲಿ ಮಾಂಸಾಹಾರಿಗಳಾದ ಹದ್ದು ಗಿಡುಗಗಳಿಗೆ ಚಿಕಿತ್ಸೆ ಮಾಡಿದರೂ ಒಳಗೆ ಇರಿಸಿಕೊಳ್ಳದ ಪದ್ಧತಿಯಿದೆ. ಸಾಕ್ಷಾತ್ ಗರುಡನೇ ರೆಕ್ಕೆ ಮುರಿದುಕೊಂಡು ಹೋದರೂ ಹೊರರೋಗಿಯಾಗಿಯೇ ಹಿಂದಿರುಗಬೇಕಾದೀತು!

ಡೊಂಬಿವಲಿಯ ಕಥೆಯು ಕುಂಟುಮರಿಯು ನಡೆದಲ್ಲಿಗೆ ಮುಗಿಯಲಿಲ್ಲ. ನಿಜವಾದ ತೊಡಕು ಅಲ್ಲಿಂದಲೇ ಆರಂಭವಾಯಿತು. ಐದರಲ್ಲಿ ಮೂರು ಹುಂಜಗಳು. ನಾಲ್ಕೈದು ತಿಂಗಳಾಗುವಷ್ಟರಲ್ಲಿ ಬ್ರಾಹ್ಮೀ ಮುಹೂರ್ತಕ್ಕಿಂತ ಮುಂಚೆಯೇ ಕೂಗತೊಡಗಿದವು. ಸೊಸೈಟಿಯವರ ಪತ್ರ ಬಂತು. ಹಾಲಿನವನು, ಕೊಡಿ, ನಾನು ಒಯ್ಯುತ್ತೇನೆ ಎಂದನು. ಒಯ್ದು ಏನು ಮಾಡುವೆ ಎಂದು ಹುಡುಗ ಕೇಳಿದಾಗ ಅವನು ನಕ್ಕನೇ ಹೊರತು ಹೇಳಲಿಲ್ಲ. ಹುಟ್ಟಿಸುವ ಮೊದಲು ಕೇಳಿದ್ದರೆ ಬೇಡವೆನ್ನುತ್ತಿದ್ದೆವೆಂದು ಮೇಲೆ ಬರೆದದ್ದು ಈ ಕಾರಣಕ್ಕೆ. ಕುಂಟುಮರಿಯನ್ನು ಕಂಡರೆ ಎಂಥವರಿಗೂ ಕರುಣೆ ಬಂದೀತು. ಕಾಲು ಗಟ್ಟಿಯಿರುವ, ಕಂಠ ದೊಡ್ಡದಿರುವ, ಯಾರಿಗೂ ಬೇಡವಾದ ಹುಂಜವನ್ನು ಅದರ ಆಯುಷ್ಯವಿಡೀ ಹೊರುವವರು ಯಾರು? ಕಡೆಗೆ ಬದಲಾಪುರದ ಆಚೆ ತೋಟವಿರುವ ಸ್ನೇಹಿತರೊಬ್ಬರು ಐದನ್ನೂ ಕೊಲ್ಲುವುದಿಲ್ಲವೆಂಬ ಮಾತಿನ ಮೇಲೆ ಇರಿಸಿಕೊಂಡರು. ಕಾಳಿನ ಖರ್ಚನ್ನು ಹು‌ಡುಗನ ತಂದೆಯವರೇ, ಅಂದರೆ ಟೆರೇಸಿನಲ್ಲಿ ಬಿಡೋಣವೆಂದವರೇ, ತಿಂಗಳು ತಿಂಗಳು ಕಳುಹಿಸಿದರು. ೨೦೨೨ರ ಫೆಬ್ರವರಿಯಲ್ಲಿ ನಮ್ಮ ಠಾಣೆ ಜಿಲ್ಲೆಯ ಶಹಾಪುರ ತಾಲೂಕಿನ ವೆಹ್ಲೋಳಿಯಲ್ಲಿ ಹಕ್ಕಿಜ್ವರ ಕಾಣಿಸಿ ಸಾವಿರಾರು ಕೋಳಿಗಳನ್ನು ಕೊಲ್ಲಿಸಿದಾಗ ಆ ಮನೆಯಲ್ಲಿ ಎರಡು ದಿನ ಯಾರಿಗೂ ಊಟ ಸೇರಲಿಲ್ಲವಂತೆ.

ಗಂಡೆಂಬ ಒಂದೇ ಕಾರಣದಿಂದ ಬೇಡವಾಗುವುದು ಹುಂಜಕ್ಕೆ ಮಾತ್ರ ಬಂದ ಗತಿಯಲ್ಲ. ಅಂಡಗಳಿಗಾಗಿ ಕೋಳಿ ಬೆಳೆಸುವ ಕಾರಖಾನೆಗಳಲ್ಲಿ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಜರ್ಮನಿಯು ೨೦೨೨ರ ಆರಂಭದಿಂದ ಇದನ್ನು ಕಾಯಿದೆಯಿಂದ ನಿಲ್ಲಿಸಿತು. ನಮ್ಮ ಸಂತೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಕ್ಕಳ ಆಟಿಕೆಯೆಂದು ಮಾರುವುದು ಹೆಚ್ಚಾಗಿ ಇಂಥ ಮರಿಗಳನ್ನೇ. ನಾವು ಅಂಡವನ್ನು ಮುಟ್ಟದವರು, ನಮಗೇನೂ ಸಂಬಂಧವಿಲ್ಲವೆಂದು ವಾಚಕರು ಸಮಾಧಾನಪಡಬಹುದು. ಹಾಗಾದರೆ ಹಾಲು? ಗಂಡುಕರುವಿಗೆ ಗೊಲ್ಲನ ಲೆಕ್ಕದಲ್ಲಿ ಸ್ಥಾನವೆಲ್ಲಿದೆ? ಉಳುಮೆಗೆ ಎತ್ತು ಬೇಕಾಗಿದ್ದ ಕಾಲ ಹೋಯಿತು. ಯಜ್ಞದಲ್ಲಿಯೂ ಜೀವಂತ ಪಶುವಿನ ಬದಲು ಹಿಟ್ಟಿನ ಪಶುವನ್ನು ಇರಿಸಿದ ಪರಂಪರೆಯವರು ನಾವು. ದಿನವೂ ಅಭಿಷೇಕಕ್ಕೂ ಕಾಫಿಗೂ ಬರುವ ಹಾಲಿನ ಹಿಂದೆ ಕರು ಏನಾಯಿತೆಂದು ಒಮ್ಮೆಯಾದರೂ ಹಾಲಿನವನನ್ನು ಕೇಳಬೇಡವೇ? ಕೇಳಿದವರಿಗೆ ಸುಖವಾದ ಉತ್ತರ ಸಿಗಲಾರದು. ಗೋಶಾಲೆಗೆ ಕೊಡುವ ದೇಣಿಗೆಯನ್ನು ಪುಣ್ಯದ ಲೆಕ್ಕಕ್ಕೆ ಬರೆಯುವ ಬದಲು ಸಾಲದ ಲೆಕ್ಕಕ್ಕೆ ಬರೆದರೆ ಹೆಚ್ಚು ಸರಿಯಾದೀತೆಂದು ನಾವು ಭಾವಿಸುತ್ತೇವೆ.

ಬಾಲಕಿಯ ಪ್ರಶ್ನೆ ಉಳಿಯಿತು. ತಪ್ಪು ತಾಯಿಯದೇ ಎಂದು ಕಥೆಯು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅಲ್ಲಿ ನಿಲ್ಲುವುದಿಲ್ಲ. ಅರುಣನಿಗೆ ಕೆಲಸ ಸಿಗುತ್ತದೆ. ಕೋಪಗೊಂಡ ಸೂರ್ಯನ ತಾಪದಿಂದ ಲೋಕಗಳು ಬೇಯದಂತೆ ಅವನು ಸೂರ್ಯನ ಮುಂದೆ ಕುಳಿತು ಆ ತೇಜಸ್ಸನ್ನು ತನ್ನ ಮೈಮೇಲೆ ತಾಳಿಕೊಳ್ಳುತ್ತಾನೆ. ಸಾರಥಿಗೆ ತೊಡೆಗಳಿಲ್ಲದಿದ್ದರೇನು, ಕುಳಿತು ಮಾಡುವ ಕೆಲಸ. ಅಷ್ಟೇ ಅಲ್ಲ, ಅವನನ್ನು ತನ್ನ ಬೆನ್ನಮೇಲೆ ಕುಳ್ಳಿರಿಸಿ ಒಯ್ದವನು ಗರುಡ. ವಿಷ್ಣುವನ್ನು ಹೊರುವ ಮೊದಲು ಅವನು ಹೊತ್ತದ್ದು ಕಾಲಿಲ್ಲದ ಅಣ್ಣನನ್ನು. ಆ ಅಣ್ಣನ ಮಕ್ಕಳೇ ಸಂಪಾತಿ ಮತ್ತು ಜಟಾಯು. ಜಟಾಯುವಿನ ಅಂತ್ಯಸಂಸ್ಕಾರವನ್ನು ಶ್ರೀರಾಮಚಂದ್ರನು ತನ್ನ ಕೈಯಾರೆ ಮಾಡಿದನು.

ಮಡಿಯ ವಿಚಾರ ಹಲವರು ಕೇಳಬಹುದಾದ್ದರಿಂದ ಅದನ್ನೂ ಹೇಳಿಬಿಡುತ್ತೇವೆ. ಗ್ರಾಮಕುಕ್ಕುಟವನ್ನು ಸ್ಮೃತಿಗಳು ಆಹಾರವಾಗಿ ನಿಷೇಧಿಸಿವೆ; ಅದರ ಕಾಲಿಗೆ ಪಟ್ಟಿ ಕಟ್ಟುವುದನ್ನಲ್ಲ. ಮುಟ್ಟಿದ್ದರಿಂದ ಬರುವ ಮೈಲಿಗೆಗೆ ಸ್ನಾನವಿದೆ. ಸಾಬೂನಿನಿಂದ ಕೈತೊಳೆಯುವುದನ್ನು ವೈದ್ಯರೂ ಹೇಳುತ್ತಾರೆ, ಪಕ್ಷಿಗಳಿಂದ ರೋಗಾಣುಗಳು ಹರಡುವುದುಂಟು. ಆ ನವರಾತ್ರಿಯಲ್ಲಿ ಅಜ್ಜಿಯವರು ತಾವಾಗಿಯೇ ಒಂದು ಕ್ರಮವನ್ನು ಮಾಡಿಕೊಂಡರು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಮೊದಲು ಬಾಲ್ಕನಿಗೆ ಹೋಗಿ ಮರಿಯ ಪಟ್ಟಿ ಬಿಚ್ಚಿ ನೋಡಿ ಮತ್ತೆ ಕಟ್ಟುವುದು, ನುಚ್ಚು ನೀರು ಇಡುವುದು. ಆಮೇಲೆ ತಣ್ಣೀರಿನಲ್ಲಿ ತಲೆಸ್ನಾನ. ಆಮೇಲೆ ಘಟಸ್ಥಾಪನೆಯ ದೀಪಕ್ಕೆ ಎಣ್ಣೆ. ಸೊಸೆಯು, “ಅತ್ತೀ, ಪೂಜಿ ಮುಗಿಸಿ ಮರಿ ನೋಡಿದ್ರ ಒಂದ ಸ್ನಾನ ಉಳೀತದಲ್ರೀ” ಎಂದರೆ, “ದೇವರಿಗಿ ಹಸಿವಿಲ್ಲವ್ವಾ, ತಡೀತಾನ” ಎಂದು ಬಕೆಟ್ಟು ಎತ್ತಿಕೊಂಡು ಒಳಗೆ ಹೋಗುತ್ತಿದ್ದರಂತೆ.